ಎರಡು ಬಾಯ್ಲರಿನ ಕಾಫಿ ಯಂತ್ರ: ಅಣ್ಣಿಗೇರಿಯ ಅಡುಗೆಮನೆಗೆ ಒಗ್ಗೀತೇ?

ಹುಬ್ಬಳ್ಳಿಯ ಸುತ್ತಿನ ಯಾವ ಊರಿನ ಮದುವೆಗೆ ಹೋದರೂ ಸರಿ, ಅಕ್ಕಿಕಾಳು ಬಿದ್ದು ವಾದ್ಯದವರು ಬೆವರೊರಸಿಕೊಳ್ಳುವ ಹೊತ್ತಿಗೆ ಮಂಟಪದ ಒಂದು ಮೂಲೆಯಿಂದ 'ಸುಂಯ್' ಎಂಬ ಸದ್ದು ಕೇಳಿಬರುತ್ತದೆ. ಅಲ್ಲಿ ಹೊಳೆಯುವ ದುಂಡು ಬಾಯ್ಲರೊಂದು ಗ್ಯಾಸಿನ ಉರಿಯ ಮೇಲೆ ಕುಳಿತಿರುತ್ತದೆ. ಪಕ್ಕದಲ್ಲಿ ನಿಂತವನು ಹಾಲಿನ ಪಾತ್ರೆಯನ್ನು ಅದರ ನಳಿಗೆಗೆ ಒಡ್ಡುತ್ತಾನೆ. ಹಾಲು ನೊರೆನೊರೆಯಾಗಿ ಮೇಲೇಳುತ್ತದೆ. ಸಕ್ಕರೆಯೊಡನೆ ಕಲಸಿಟ್ಟ ಕರಗುವ ಕಾಫಿಪುಡಿಯ ಮೇಲೆ ಅದನ್ನು ಸುರಿದು, ನೊರೆಯ ನೆತ್ತಿಗೆ ಚಿಟಿಕೆ ಪುಡಿ ಉದುರಿಸಿ ಕೈಗಿತ್ತರೆ ಅದೇ 'ಎಸ್ಪ್ರೆಸೊ'. ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಈ ಹೆಸರು ಪರಿಚಯವಾದದ್ದು ಹೆಚ್ಚಾಗಿ ಹೀಗೆಯೇ. ಕಾಫಿಗಿಂತ ಹೆಚ್ಚಾಗಿ ನೊರೆಯ ಹೆಸರಾಗಿ ಅದು ಇಲ್ಲಿ ನೆಲೆಯೂರಿದೆ ಎಂದರೂ ತಪ್ಪಲ್ಲ.

ಆದರೆ ಕಾಲ ಬದಲಾಗಿದೆ. ನವಲಗುಂದದ, ಕುಂದಗೋಳದ, ಕಲಘಟಗಿಯ ಮನೆಗಳ ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಉದ್ಯೋಗಕ್ಕೆ ನಿಂತಿದ್ದಾರೆ. ಅಲ್ಲಿ ಅವರ ನಾಲಿಗೆಗೆ ಬೇರೊಂದು ಎಸ್ಪ್ರೆಸೊ ರುಚಿಯ ಪಾಠ ಕಲಿಸಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಹಿಡಿಸುವಷ್ಟು ಚಿಕ್ಕದಾದ, ಹೊಟ್ಟೆಯೊಳಗೆ ಎರಡು ಬಾಯ್ಲರುಗಳನ್ನು ಅಡಗಿಸಿಕೊಂಡ ಯಂತ್ರವೊಂದನ್ನು ಊರಿನ ಮನೆಗೂ ತರಬೇಕೆಂಬ ಆಸೆ ಇಂಥವರಲ್ಲಿ ಕೆಲವರಿಗಾದರೂ ಉಂಟಾಗುತ್ತದೆ. ಇಂಥ ಯಂತ್ರದ ಬೆಲೆ ಸಾಮಾನ್ಯವಾಗಿ ಲಕ್ಷ ರೂಪಾಯಿಯ ಗಡಿಯನ್ನು ದಾಟುತ್ತದೆ. ಮಳೆ ಕೈಕೊಟ್ಟ ವರ್ಷ ಮೆಣಸಿನಕಾಯಿ ಹೊಲದಿಂದ ಒಂದು ಕುಟುಂಬಕ್ಕೆ ಅಷ್ಟು ಹಣ ಉಳಿಯುವುದೂ ಕಷ್ಟ. ಆದ್ದರಿಂದ ಯಂತ್ರ ಚೆನ್ನಾಗಿದೆಯೇ ಎಂಬ ಪ್ರಶ್ನೆಯ ಜೊತೆಗೇ, ಅದು ಈ ನೆಲದ ಮನೆಯಲ್ಲಿ ಬಾಳೀತೇ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಚಹಾದ ನಾಡಿಗೆ ಕಾಫಿಯ ದಾರಿ

ಈ ಭಾಗ ಮೊದಲಿನಿಂದಲೂ ಚಹಾದ ನಾಡು. ೧೯೫೬ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ವ್ಯಾಪಾರಕ್ಕೂ ಓದಿಗೂ ಪುಣೆ-ಮುಂಬಯಿಗಳ ಕಡೆಗೆ ಮುಖಮಾಡುತ್ತಿದ್ದ ಜನರಿಗೆ ಚಹಾ ರೂಢಿಯಾದದ್ದು ಸಹಜವೇ. ಮೈಸೂರು ಸೀಮೆಯಲ್ಲಿ ಬಂದವರನ್ನು 'ಕಾಫಿ ಆಯಿತೇ?' ಎಂದು ವಿಚಾರಿಸಿದರೆ, ಇಲ್ಲಿ 'ಚಾ ಆತೇನ್ರಿ?' ಎನ್ನುವುದು ವಾಡಿಕೆ. ಗಿರಮಿಟ್ಟು, ಮಿರ್ಚಿಗಳ ಸಂಗಡ ಚಹಾ ಕುಡಿದ ನಾಲಿಗೆಗೆ ಕಾಫಿ ಇಂದಿಗೂ ಒಂದಿಷ್ಟು ಅತಿಥಿಯೇ.

ವಿಚಿತ್ರವೆಂದರೆ, ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಬೆಳೆಯುವುದು ಇದೇ ಕರ್ನಾಟಕದಲ್ಲಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಏಳು ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂಬ ಐತಿಹ್ಯವನ್ನು ಅರಿಯದ ಕನ್ನಡಿಗರು ವಿರಳ. ಇಲ್ಲಿ ಬೆಳೆದ ಬೀಜವನ್ನು ಕೊಳ್ಳುವ ದೇಶಗಳ ಮುಂಚೂಣಿಯಲ್ಲಿರುವುದು ಇಟಲಿ. ಕೊಡಗು, ಚಿಕ್ಕಮಗಳೂರುಗಳ ರೊಬಸ್ಟ ಬೀಜ ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ಸೇರಿ ಗಾಢತೆಯನ್ನೂ ನೊರೆಯನ್ನೂ ಕೊಡುತ್ತದೆ. ಬೀಜ ಇಲ್ಲಿಂದ ಹಡಗೇರಿ ಹೋಗುತ್ತದೆ. ಯಂತ್ರ ಅಲ್ಲಿಂದ ಹಡಗೇರಿ ಬರುತ್ತದೆ. ನಡುವಣ ಲಾಭದ ಲೆಕ್ಕವನ್ನು ಇಲ್ಲಿ ತೆಗೆಯುವುದು ಬೇಡ.

ಎಸ್ಪ್ರೆಸೊ ಯಂತ್ರದ ಚರಿತ್ರೆ ದೊಡ್ಡದಲ್ಲ. ೧೮೮೪ರಲ್ಲಿ ಇಟಲಿಯ ಟ್ಯೂರಿನ್ ನಗರದ ಏಂಜೆಲೊ ಮೊರಿಯೊಂಡೊ ಎಂಬಾತ ಆವಿಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ೧೯೦೧ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಬಟ್ಟಲಿಗೆ ಒದಗುವಂತೆ ತಿದ್ದಿದ. ಆ ಕಾಲದ ಯಂತ್ರಗಳಲ್ಲಿ ನೀರನ್ನು ತಳ್ಳುತ್ತಿದ್ದುದು ಆವಿಯೇ ಆದ್ದರಿಂದ ಒತ್ತಡ ಕಡಿಮೆ, ಶಾಖ ಹೆಚ್ಚು. ಕಾಫಿಗೆ ಸುಟ್ಟ ವಾಸನೆ. ೧೯೩೮ರಲ್ಲಿ ಅಕಿಲೆ ಗಜ್ಜಿಯ ಹೊಸ ವಿಧಾನವೊಂದಕ್ಕೆ ಹಕ್ಕು ಪಡೆದು, ಮಹಾಯುದ್ಧ ಮುಗಿದ ಮೇಲೆ ಸ್ಪ್ರಿಂಗು-ಸನ್ನೆಗೋಲಿನ ಯಂತ್ರ ತಂದಾಗ ಮೊದಲ ಬಾರಿಗೆ ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ನಿಂತಿತು. ೧೯೬೧ರಲ್ಲಿ ಫೇಮಾ ಸಂಸ್ಥೆ ತನ್ನ 'ಇ-೬೧' ಯಂತ್ರದಲ್ಲಿ ಸನ್ನೆಗೋಲಿನ ಬದಲು ವಿದ್ಯುತ್ ಪಂಪನ್ನು ಕೂರಿಸಿತು. ಒಂದೇ ಯಂತ್ರದಲ್ಲಿ ಎರಡು ಪ್ರತ್ಯೇಕ ಬಾಯ್ಲರುಗಳ ಏರ್ಪಾಡು ೧೯೭೦ರಲ್ಲಿ ಫ್ಲಾರೆನ್ಸಿನ ಲಾ ಮಾರ್ಜೊಕ್ಕೊ ಕಾರ್ಖಾನೆಯಿಂದ ಹೊರಬಂತು. ಹೋಟೆಲುಗಳಿಗಾಗಿ ಹುಟ್ಟಿದ ಆ ಏರ್ಪಾಡೇ ಇಂದು ಕುಗ್ಗಿ, ಮನೆಯ ಕಟ್ಟೆಗೆ ಬಂದು ಕುಳಿತಿದೆ.

ಒಂದು ನೀರು, ಎರಡು ಶಾಖ

'ಡಬಲ್ ಬಾಯ್ಲರ್' ಎಂದೊಡನೆ ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕಾಸುವ ಪದ್ಧತಿ ಕೆಲವರಿಗೆ ನೆನಪಾಗಬಹುದು. ಇದು ಅದಲ್ಲ. ಇಲ್ಲಿರುವುದು ಒಂದರ ಹಂಗು ಇನ್ನೊಂದಕ್ಕಿಲ್ಲದ ಎರಡು ಸಣ್ಣ ಬಾಯ್ಲರುಗಳು. ಏಕೆ ಎರಡು?

ನಿಜವಾದ ಎಸ್ಪ್ರೆಸೊ ಎಂದರೆ ಹಿಟ್ಟಿನಂತೆ ನುಣ್ಣಗೆ ಬೀಸಿದ ಸುಮಾರು ೧೮ ಗ್ರಾಂ ಪುಡಿಯನ್ನು ಹಿಡಿಕೆಯುಳ್ಳ ಜಾಲರಿ ಬಟ್ಟಲಿನಲ್ಲಿ ಅದುಮಿ, ಅದರ ಮೂಲಕ ೯೩ ಡಿಗ್ರಿಯ ಆಸುಪಾಸಿನ ಬಿಸಿನೀರನ್ನು ವಾಯುಮಂಡಲದ ಒಂಬತ್ತು ಪಟ್ಟು ಒತ್ತಡದಿಂದ ನೂಕಿ, ೨೫–೩೦ ಸೆಕೆಂಡುಗಳಲ್ಲಿ ಸುಮಾರು ೩೬ ಗ್ರಾಂ ಕಷಾಯ ಇಳಿಸುವುದು. ಉಡುಪಿ ಹೋಟೆಲಿನ ಹಿತ್ತಾಳೆ ಫಿಲ್ಟರಿನಲ್ಲಿ ಹನಿಹನಿಯಾಗಿ ಕಾಲು ಗಂಟೆಗೂ ಮೇಲ್ಪಟ್ಟು ನಡೆಯುವ ಕೆಲಸ ಇಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಶಾಖ ಎರಡು-ಮೂರು ಡಿಗ್ರಿ ಏರಿದರೆ ಕಹಿ ಮುಂದಾಗುತ್ತದೆ, ಇಳಿದರೆ ಹುಳಿ ಮುಂದಾಗುತ್ತದೆ.

ಹಾಲಿಗೆ ನೊರೆಯೆಬ್ಬಿಸುವ ಆವಿಯ ಮಾತೇ ಬೇರೆ. ಅದಕ್ಕೆ ಬೇಕಾದ ಒತ್ತಡ ಹೊರಗಿನ ಗಾಳಿಗಿಂತ ಒಂದರಿಂದ ಒಂದೂವರೆ ಪಟ್ಟು ಹೆಚ್ಚು. ಆಗ ನೀರಿನ ಶಾಖ ೧೨೦ರಿಂದ ೧೨೭ ಡಿಗ್ರಿ. ಮನೆಯ ಕುಕ್ಕರು ಸೀಟಿ ಹೊಡೆಯುವ ಕ್ಷಣದಲ್ಲಿ ಅದರೊಳಗಿರುವ ಸ್ಥಿತಿ ಹೆಚ್ಚುಕಡಿಮೆ ಇದೇ. ಅಂದಮೇಲೆ ಮದುವೆಮನೆಯ ಬಾಯ್ಲರು ಈ ಯಂತ್ರದ ಅರ್ಧಭಾಗ ಮಾತ್ರ: ಅದಕ್ಕೆ ಆವಿ ಇದೆ, ಕಾಫಿ ಇಳಿಸುವ ಅಂಗವಿಲ್ಲ.

ಒಂದೇ ಬಾಯ್ಲರಿನ ಅಗ್ಗದ ಯಂತ್ರದಲ್ಲಿ ಮೊದಲು ೯೩ ಡಿಗ್ರಿಯಲ್ಲಿ ಕಾಫಿ ಇಳಿಸಿ, ಅನಂತರ ಗುಂಡಿಯೊತ್ತಿ ೧೨೫ಕ್ಕೆ ಏರುವತನಕ ಕಾದು ಹಾಲು ಕಾಯಿಸಬೇಕು. ಮುಂದಿನ ಬಟ್ಟಲಿಗೆ ಮತ್ತೆ ನೀರು ಬಿಟ್ಟು ತಣಿಸಬೇಕು. ಒಬ್ಬ ಕುಡಿಯುವವನಿದ್ದರೆ ಇದು ತೊಂದರೆಯೇ ಅಲ್ಲ. ನಾಲ್ವರಿದ್ದರೆ ಮೊದಲನೆಯವನು ಕುಡಿದು ಲೋಟ ತೊಳೆದಿಡುವ ಹೊತ್ತಿಗೆ ಕೊನೆಯವನ ಸರದಿ ಬಂದೀತು. ಮಧ್ಯಮ ಮಾರ್ಗವೊಂದುಂಟು: ಒಂದೇ ದೊಡ್ಡ ಆವಿಯ ಬಾಯ್ಲರು, ಅದರ ನಡುವೆ ಹಾಯುವ ಕೊಳವೆಯೊಂದರಲ್ಲಿ ಕಾಫಿಯ ನೀರು ಬಿಸಿಯಾಗಿ ಬರುವುದು. ಇದು ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಆದರೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಕೊಳವೆಯ ನೀರು ಅತಿಯಾಗಿ ಕಾಯುತ್ತದೆ. ಪ್ರತಿ ಸಾರಿಯೂ ಒಂದಿಷ್ಟು ನೀರು ಚೆಲ್ಲಿ ಅಂದಾಜಿನಿಂದ ನಡೆಸಬೇಕು. ಎರಡು ಬಾಯ್ಲರಿನಲ್ಲಿ ಈ ಅಂದಾಜು ಬೇಡ. ಕಾಫಿಯದಕ್ಕೆ ಒಂದು ಅಂಕಿ, ಆವಿಯದಕ್ಕೆ ಇನ್ನೊಂದು ಅಂಕಿ ಗೊತ್ತುಪಡಿಸಿದರೆ ಒಳಗಿನ ವಿದ್ಯುನ್ಮಾನ ನಿಯಂತ್ರಕ ಅವನ್ನು ಕದಲದಂತೆ ಕಾಯುತ್ತದೆ. ಈ ಗುಣದಲ್ಲಿ ಅದಕ್ಕೆ ಮನೆಯ ಯಂತ್ರಗಳಲ್ಲಿ ಸಾಟಿ ಕಡಿಮೆ. ಇದನ್ನು ಧಾರಾಳವಾಗಿ ಒಪ್ಪಲೇಬೇಕು.

ಯಂತ್ರವನ್ನು ಸೋಲಿಸುವ ನೀರು

ಇಷ್ಟು ಒಪ್ಪಿಕೊಂಡ ಮೇಲೆ ಅಣ್ಣಿಗೇರಿಗೆ, ನವಲಗುಂದಕ್ಕೆ ಬರೋಣ. ಇದು ಎರೆಮಣ್ಣಿನ ಸೀಮೆ. ಹತ್ತಿ, ಕಡಲೆ, ಜೋಳ, ಮೆಣಸಿನಕಾಯಿಗಳಿಗೆ ಒಲಿದ ಈ ನೆಲ ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ಜನರನ್ನು ಬಹುಕಾಲದಿಂದ ಕಾಡಿದೆ. ಬಾವಿ ತೋಡಿದರೆ ಸವಳು, ಕೊಳವೆಬಾವಿ ಕೊರೆದರೂ ಬಹಳ ಕಡೆ ಸವಳೇ. ಆದ್ದರಿಂದಲೇ ಇಲ್ಲಿಯ ಹಿರಿಯರು ಊರೂರಿಗೆ ಕೆರೆ ಕಟ್ಟಿ ಮಳೆನೀರನ್ನು ಕಣ್ಣಿನಂತೆ ಕಾಯ್ದರು. ನವಲಗುಂದದ ನೀಲಮ್ಮನ ಕೆರೆಯ ಹೆಸರು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಮಲಪ್ರಭೆಗೆ ಸವದತ್ತಿಯ ಬಳಿ ಅಣೆಕಟ್ಟಾದ ಮೇಲೆ ಕಾಲುವೆಯ ನೀರು ಈ ಕಡೆಯ ಕೆರೆಗಳನ್ನು ತುಂಬತೊಡಗಿತು. ಆ ಕಾಲುವೆಯ ಕರದ ವಿಚಾರವಾಗಿಯೇ ೧೯೮೦ರ ಜುಲೈಯಲ್ಲಿ ನರಗುಂದ-ನವಲಗುಂದಗಳ ರೈತರು ಬಂಡೆದ್ದದ್ದು ನಾಡಿನ ಚರಿತ್ರೆಯ ಮಾತು. ನೀರಿನ ಬೆಲೆ ಬಲ್ಲ ಜನ ಇವರು.

ಬಳಕೆಯ ನೀರಿನ ಗುಣವನ್ನು ಇಲ್ಲಿಯ ಹೆಣ್ಣುಮಕ್ಕಳು ಪ್ರಯೋಗಶಾಲೆಯ ನೆರವಿಲ್ಲದೆ ಹೇಳಬಲ್ಲರು. ತೊಗರಿಬೇಳೆ ಬೇಯದಿದ್ದರೆ, ಸಾಬೂನು ನೊರೆ ಬಿಡದಿದ್ದರೆ ಆ ನೀರು ಗಡಸು. ಸ್ನಾನದ ನೀರು ಕಾಯಿಸುವ ತಾಮ್ರದ ಬಂಬದೊಳಗೆ, ಹಂಡೆಯ ತಳದಲ್ಲಿ ಬಿಳಿಯ ಸುಣ್ಣದ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ವರ್ಷಕ್ಕೊಮ್ಮೆ ಅದನ್ನು ಕೆತ್ತಿ ತೆಗೆಯುವುದೂ ಉಂಟು. ಕಾಫಿ ಯಂತ್ರದ ಒಳಗಣ ಬಾಯ್ಲರಿಗೆ ಉಳಿ ಹಾಕಿ ಕೆತ್ತುವುದು ಹೇಗೆ?

ಎರಡು ಬಾಯ್ಲರುಗಳಲ್ಲಿ ಈ ಪೀಡೆ ಹೆಚ್ಚಾಗಿ ತಗಲುವುದು ಆವಿಯ ಬಾಯ್ಲರಿಗೆ. ಕಾರಣ ಸರಳವಾಗಿದೆ. ಕಾಫಿಯ ಬಾಯ್ಲರಿನಲ್ಲಿ ಬಂದ ನೀರು ಬಂದಹಾಗೆಯೇ ಹೊರಗೆ ಹೋಗುತ್ತದೆ. ಆವಿಯ ಬಾಯ್ಲರಿನಿಂದ ಹೊರಡುವುದಾದರೋ ಶುದ್ಧ ಆವಿ; ಅದರಲ್ಲಿದ್ದ ಸುಣ್ಣ, ಉಪ್ಪು ಎಲ್ಲ ಹಿಂದೆ ಉಳಿಯುತ್ತವೆ. ಮತ್ತೆ ನೀರು ತುಂಬುತ್ತದೆ, ಮತ್ತೆ ಆವಿಯಾಗುತ್ತದೆ, ಉಪ್ಪು ಕೂಡುತ್ತ ಹೋಗುತ್ತದೆ. ಕೆರೆ ಬತ್ತಿದಂತೆಲ್ಲ ನೀರು ಸವಳಾಗುವುದಿಲ್ಲವೇ? ಆ ಕ್ರಿಯೆಯೇ ಅರ್ಧ ಲೀಟರಿನ ಪಾತ್ರೆಯಲ್ಲಿ ದಿನವೂ ನಡೆಯುತ್ತದೆ.

ಕುಡಿಯಲು ಯೋಗ್ಯವಾದ ನೀರು ಯಂತ್ರಕ್ಕೂ ಯೋಗ್ಯವೆಂದು ತಿಳಿಯುವುದು ದೊಡ್ಡ ತಪ್ಪು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಒಳಗಿದ್ದರೆ ಉತ್ತಮ. ಬೇರೆ ನೀರು ಸಿಗದಿದ್ದಲ್ಲಿ ೬೦೦ರವರೆಗೂ ನಡೆದೀತು. ಕ್ಲೋರೈಡು ೨೫೦ ಇದ್ದರೆ ಸರಿ, ಅನ್ಯಮಾರ್ಗವಿಲ್ಲದಿದ್ದರೆ ೧೦೦೦ದವರೆಗೆ ಸಹ್ಯ. ಮನುಷ್ಯನ ದೇಹ ಇದನ್ನು ತಾಳಿಕೊಳ್ಳುತ್ತದೆ. ಯಂತ್ರ ತಯಾರಕರಾದರೋ ಗಡಸುತನ ನೂರರ ಆಸುಪಾಸಿನಲ್ಲಿರಲಿ, ಕ್ಲೋರೈಡು ಕೆಲವು ಹತ್ತು ಮಿಲಿಗ್ರಾಂ ಮೀರದಿರಲಿ ಎನ್ನುತ್ತಾರೆ. ಸುಣ್ಣವನ್ನು ಆಮ್ಲದಿಂದ ಕರಗಿಸಬಹುದು. ಕ್ಲೋರೈಡಾದರೆ ತುಕ್ಕುಹಿಡಿಯದ ಉಕ್ಕನ್ನೂ ಸೂಜಿಮೊನೆಯಂಥ ರಂಧ್ರಗಳಾಗಿ ಕೊರೆಯುತ್ತದೆ. ಹಾಗೆ ತೂತುಬಿದ್ದ ಬಾಯ್ಲರಿಗೆ ಹೊಸ ಬಾಯ್ಲರೊಂದೇ ಮದ್ದು.

'ಊರಿನಲ್ಲಿ ಶುದ್ಧ ನೀರಿನ ಘಟಕವಿದೆಯಲ್ಲ, ನಾಣ್ಯ ಹಾಕಿದರೆ ಕೊಡ ತುಂಬುತ್ತದಲ್ಲ?' ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆ ನೀರು ಬಹಳ ಮಟ್ಟಿಗೆ ಸುಣ್ಣವಿಲ್ಲದ್ದು. ಆದರೆ ಇಲ್ಲಿಯೂ ಒಂದು ತೊಡಕುಂಟು. ಹೆಚ್ಚಿನ ಯಂತ್ರಗಳ ಆವಿಯ ಬಾಯ್ಲರಿನಲ್ಲಿ ನೀರಿನ ಮಟ್ಟವನ್ನು ಅರಿಯಲು ಒಂದು ಲೋಹದ ಕಡ್ಡಿಯಿರುತ್ತದೆ. ನೀರಿನ ಮೂಲಕ ಅತ್ಯಲ್ಪ ವಿದ್ಯುತ್ತು ಹರಿದರೆ 'ತುಂಬಿದೆ' ಎಂದು ಅದಕ್ಕೆ ಅರ್ಥ. ಉಪ್ಪಿನಂಶ ತೀರ ಇಲ್ಲದ ನೀರಿನಲ್ಲಿ ವಿದ್ಯುತ್ತು ಸರಿಯಾಗಿ ಹರಿಯದು; ತುಂಬಿದ ಬಾಯ್ಲರನ್ನು ಖಾಲಿಯೆಂದು ಬಗೆದು ಪಂಪು ನೀರೂಡುತ್ತಲೇ ಹೋಗಬಹುದು. ಮೇಲಾಗಿ ಅತಿ ಶುದ್ಧ ನೀರು ಲೋಹವನ್ನು ಸವೆಸುತ್ತದೆ, ಕಾಫಿಯೂ ಸಪ್ಪೆಯಾಗುತ್ತದೆ. ಆದ್ದರಿಂದ ಬೆರಕೆಯೇ ದಾರಿ. ಘಟಕದ ನೀರಿನ ಗಡಸುತನ ೨೦, ಶೋಧಿಸಿದ ಕೆರೆಯ ನೀರಿನದು ೩೦೦ ಎಂದಿಟ್ಟುಕೊಂಡರೆ, ಮೂರು ಪಾಲು ಮೊದಲನೆಯದು, ಒಂದು ಪಾಲು ಎರಡನೆಯದು ಬೆರೆಸಿದಾಗ ಗಡಸುತನ ೯೦ಕ್ಕೆ ನಿಲ್ಲುತ್ತದೆ. ಇನ್ನು ಕೆಲವರು ಶುದ್ಧ ನೀರಿಗೆ ಲೀಟರಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಪೊಟ್ಯಾಸಿಯಂ ಬೈಕಾರ್ಬೊನೇಟ್ ಕರಗಿಸಿ ಬಳಸುತ್ತಾರೆ. ಸುಣ್ಣವೂ ಕಟ್ಟದು, ಕಡ್ಡಿಯೂ ಮೋಸಹೋಗದು. ಗಡಸುತನ ಅಳೆಯುವ ಕಾಗದದ ಪಟ್ಟಿಗಳಿಗೆ ಹೆಚ್ಚು ಬೆಲೆಯಿಲ್ಲ. ಯಂತ್ರ ಕೊಳ್ಳುವ ಮುಂಚೆ ಆ ಪಟ್ಟಿಗಳನ್ನು ಕೊಂಡು ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಮನೆಯ ನೀರನ್ನು ಅಳೆಯುವವನು ಜಾಣ.

ಕಲಘಟಗಿಯ ಪರಿ ಬೇರೆ. ಅದು ಮಲೆನಾಡಿನ ಸೆರಗು. ಮಳೆ ಹೆಚ್ಚು, ಭತ್ತದ ಗದ್ದೆಗಳು, ಕೆಮ್ಮಣ್ಣು. ಹುಬ್ಬಳ್ಳಿಗೆ ಬಹುಕಾಲ ನೀರುಣಿಸಿದ ನೀರಸಾಗರ ಇರುವುದೂ ಆ ತಾಲೂಕಿನಲ್ಲಿಯೇ. ಮಳೆನೀರು ಹಿಡಿದಿಡುವ ಮನೆಗಳಿಗೆ ಅಲ್ಲಿ ಈ ಯಂತ್ರ ಅಷ್ಟು ಭಾರವಾಗಲಾರದು. ಒಂದೇ ಜಿಲ್ಲೆ, ಒಂದೇ ಯಂತ್ರ. ಐವತ್ತು-ಅರವತ್ತು ಕಿಲೋಮೀಟರು ದೂರದಲ್ಲಿ ಅದರ ಆಯುಷ್ಯ ಬೇರೆ.

ವಿದ್ಯುತ್ತು, ಹಾಲು, ಪುಡಿ

ನೀರಿನಷ್ಟು ವಿದ್ಯುತ್ತಿನ ಚಿಂತೆಯಿಲ್ಲ. ಆದರೂ ಲೆಕ್ಕ ನೋಡುವುದು ಒಳ್ಳೆಯದು. ಎರಡು ಬಾಯ್ಲರುಗಳಲ್ಲಿ ಸೇರಿ ಒಂದು ಲೀಟರು ನೀರೆಂದು ಹಿಡಿದು, ಅಷ್ಟನ್ನೂ ೨೫ ಡಿಗ್ರಿಯಿಂದ ೧೨೫ಕ್ಕೆ ಏರಿಸಲು ತಗಲುವುದು ಒಂದು ಯೂನಿಟ್ಟಿನ ಎಂಟನೆಯ ಒಂದು ಪಾಲಿಗಿಂತ ಕಡಿಮೆ. ಲೋಹದ ಮೈ ಕಾಯಲು ಇನ್ನಷ್ಟು ಬೇಕು, ಹದಿನೈದಿಪ್ಪತ್ತು ನಿಮಿಷ ಕಾಯಲೂ ಬೇಕು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಡೆಸಿ ಆರಿಸಿದರೆ ಬಿಲ್ಲಿನ ಭಯವಿಲ್ಲ. ಹಗಲೆಲ್ಲ ಉರಿಸಿಟ್ಟರೆ ಉಂಟು.

ತೊಂದರೆ ಇರುವುದು ವೋಲ್ಟೇಜಿನಲ್ಲಿ. ೨೩೦ ಇರಬೇಕಾದ ಕಡೆ ೧೮೦ಕ್ಕೆ ಕುಸಿದರೆ ಬಿಸಿ ಮಾಡುವ ಸುರುಳಿಯ ಬಲ ನೂರಕ್ಕೆ ೬೧ಕ್ಕೆ ಇಳಿಯುತ್ತದೆ. ೧೪೦೦ ವಾಟಿನ ಯಂತ್ರ ಆಗ ೮೬೦ ವಾಟಿನದು. ಆವಿ ನಿತ್ರಾಣವಾಗುತ್ತದೆ, ಪಂಪು ಗೊಣಗುತ್ತದೆ. ಏರಿದರೆ ಇನ್ನೂ ಕೆಟ್ಟದ್ದು. ಒಳಗಿನ ವಿದ್ಯುನ್ಮಾನ ಫಲಕವೇ ಸುಡಬಹುದು. ಒಳ್ಳೆಯ ಸ್ಟೆಬಿಲೈಸರು ಯಂತ್ರದ ಬೆಲೆಯ ಒಂದು ಭಾಗವೆಂದೇ ತಿಳಿಯಬೇಕು. ಮನೆಯ ಸಾಧಾರಣ ಇನ್ವರ್ಟರಿಗೆ ಈ ಹೊರೆ ಎತ್ತುವ ಶಕ್ತಿಯಿಲ್ಲ.

ಹಾಲಿನ ವಿಷಯದಲ್ಲಿ ಈ ಸೀಮೆ ಭಾಗ್ಯಶಾಲಿ. ಧಾರವಾಡಿ ಎಮ್ಮೆ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಸೇರಿದೆ. ಧಾರವಾಡದ ಫೇಡೆಯ ಕೀರ್ತಿಯಲ್ಲಿ ಎಮ್ಮೆಯ ಹಾಲಿಗೂ ದೊಡ್ಡ ಪಾಲಿದೆ. ಎಮ್ಮೆಯ ಹಾಲಿನಲ್ಲಿ ಕೊಬ್ಬೂ ಹೆಚ್ಚು, ಸಸಾರಜನಕವೂ ಹೆಚ್ಚು. ನೊರೆ ದಟ್ಟವಾಗಿ, ಬೆಣ್ಣೆಯಂತೆ ಬರುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಮರೆಯಬಾರದು. ನೊರೆಯ ಹಾಲನ್ನು ೬೦–೬೫ ಡಿಗ್ರಿಗೆ ನಿಲ್ಲಿಸಬೇಕು. ೭೦ ದಾಟಿದರೆ ನೊರೆ ಒಡೆಯುತ್ತದೆ. ಆ ಶಾಖ, ಅದೂ ಅರ್ಧ ನಿಮಿಷ, ಕೊಟ್ಟಿಗೆಯಿಂದ ಬಂದ ಹಸಿ ಹಾಲಿನ ರೋಗಾಣುಗಳನ್ನು ಕೊಲ್ಲಲು ಸಾಲದು. ಆದುದರಿಂದ ಹಾಲನ್ನು ಎಂದಿನಂತೆ ಮೊದಲು ಕಾಸಿ, ಕೆನೆ ತೆಗೆದು, ತಣ್ಣಗಾಗಿಸಿ, ಅನಂತರವೇ ಆವಿಗೆ ಒಡ್ಡಬೇಕು. ಆವಿಯೂ ನೀರೇ ಆದ್ದರಿಂದ ೧೫೦ ಮಿಲಿಲೀಟರು ತಣ್ಣನೆಯ ಹಾಲಿಗೆ ಸುಮಾರು ೧೪ ಗ್ರಾಂ ನೀರು ಅದರಿಂದಲೇ ಸೇರುತ್ತದೆ. ಎಮ್ಮೆಯ ಹಾಲಿಗೆ ಅದು ಲೆಕ್ಕಕ್ಕಿಲ್ಲ. ಮೊದಲೇ ನೀರು ಬೆರೆತ ಹಾಲಾದರೆ ತಿಳಿದುಬರುತ್ತದೆ.

ಇನ್ನೊಂದು ಮಾತು. ಚಹಾವನ್ನು ಕೊತಕೊತನೆ ಕುದಿಸಿ, ಬಸಿಗೆ ಸುರಿದು ಕುಡಿಯುವ ಹಿರಿಯರಿಗೆ ೬೦ ಡಿಗ್ರಿಯ ಕಾಫಿ 'ಆರಿದ' ಕಾಫಿ. ಯಂತ್ರದ ದೋಷವಲ್ಲ, ನಾಲಿಗೆಯ ಸಂಸ್ಕಾರ. ಆದರೆ ಮನೆಯಲ್ಲಿ ಕುಡಿಯುವವರು ಅವರೇ ಆದರೆ ಅದನ್ನೂ ಗಣಿಸಬೇಕಷ್ಟೆ.

ಪುಡಿಯದು ಕಿರಿಕಿರಿಯ ಸಂಗತಿ. ಪೇಟೆಯಲ್ಲಿ ಸಿಗುವ ಪುಡಿ ಫಿಲ್ಟರಿಗೆಂದು ಬೀಸಿದ್ದು, ಅದರಲ್ಲಿ ಚಿಕೋರಿ ಬೆರೆತಿರುತ್ತದೆ. ಮಿಶ್ರಣದಲ್ಲಿ ನೂರಕ್ಕೆ ೫೧ ಪಾಲು ಕಾಫಿಯಿದ್ದರೆ ಸಾಕೆಂಬುದು ನಿಯಮ. ಅಂಥ ಪುಡಿಯಿಂದ ಈ ಯಂತ್ರದಲ್ಲಿ ಒಂದೋ ನೀರು ಸರ್ರನೆ ಹರಿದುಹೋಗುತ್ತದೆ, ಇಲ್ಲವೇ ಚಿಕೋರಿ ಅಂಟಾಗಿ ಜಾಲರಿ ಕಟ್ಟಿಕೊಳ್ಳುತ್ತದೆ. ಹುರಿದ ಬೀಜವನ್ನೇ ತರಿಸಿ ಕುಡಿಯುವ ಹೊತ್ತಿಗೆ ಬೀಸಿಕೊಳ್ಳಬೇಕು. ಚಿಕ್ಕಮಗಳೂರು, ಕೊಡಗುಗಳಿಂದ ಅಂಚೆಯಲ್ಲಿ ಬೀಜ ತರಿಸುವುದು ಈಗ ಕಷ್ಟವಲ್ಲ. ಆದರೆ ನುಣ್ಣಗೆ, ಒಂದೇ ಸಮನಾಗಿ ಬೀಸುವ ಯಂತ್ರಕ್ಕೆ ಬೇರೆ ಹಣ ಬೇಕು. ಚಟ್ನಿಪುಡಿಯ ಮಿಕ್ಸಿ ಇದಕ್ಕೆ ಒದಗದು. ಬೀಸುವ ಯಂತ್ರ ಕೆಟ್ಟದ್ದಾಗಿದ್ದರೆ ಎರಡಲ್ಲ, ನಾಲ್ಕು ಬಾಯ್ಲರಿದ್ದರೂ ಕಾಫಿ ಒಳ್ಳೆಯದಾಗದು.

ಹತ್ತು ಮಂದಿಗೆ ಆಗೂದೇನು?

ಒಂದು ಮನೆಯನ್ನು ಊಹಿಸಬಹುದು. ದೀಪಾವಳಿಗೆ ಬಂದ ಮಗ ಕಟ್ಟೆಯ ಮೇಲೆ ಯಂತ್ರವನ್ನು ಇಳಿಸಿ, ಅದರ ಗುಣಗಳನ್ನು ಒಂದೊಂದಾಗಿ ಬಣ್ಣಿಸುತ್ತಾನೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ತಾಯಿ ಕೊನೆಗೆ ಕೇಳುವುದು ಒಂದೇ ಪ್ರಶ್ನೆ:

"ಎಲ್ಲಾ ಖರೆ ತಮ್ಮಾ, ಇದರಾಗ ಹತ್ತು ಮಂದಿಗೆ ಒಮ್ಮೆಲೆ ಆಗೂದೇನು?"

"ಒಮ್ಮೆಲೆ ಆಗೂದಿಲ್ಲಬೇ. ಎರಡೆರಡ ಆಗತಾವ."

ಈ ಯಂತ್ರದ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಆ ತಾಯಿಯ ಪ್ರಶ್ನೆ ಹೆಚ್ಚು ತೂಕದ್ದು. ಲೆಕ್ಕ ಹೀಗಿದೆ: ಒಂದು ಸಾರಿ ಪುಡಿ ಬೀಸಿ, ಅದುಮಿ, ಕಷಾಯ ಇಳಿಸಿ, ಹಾಲು ನೊರೆಯೆಬ್ಬಿಸಿ, ಗಸಿ ಕೊಡವುವುದಕ್ಕೆ ಪಳಗಿದ ಕೈಗೂ ಎರಡು ನಿಮಿಷವಾದರೂ ಬೇಕು. ಒಂದು ಸಾರಿಗೆ ಎರಡು ಬಟ್ಟಲು. ಹತ್ತು ಮಂದಿಗೆ ಐದು ಸಾರಿ, ಹತ್ತು-ಹನ್ನೆರಡು ನಿಮಿಷ. ಕಾಲದಲ್ಲಿ ಇದು ಚಹಾದ ಪಾತ್ರೆಗಿಂತ ಬಹಳ ಹಿಂದೇನೂ ಉಳಿಯಲಿಲ್ಲ. ಒಂದೇ ಬಾಯ್ಲರಿನ ಯಂತ್ರದಲ್ಲಿ ಇದರ ಎರಡರಷ್ಟಾದರೂ ಆಗುತ್ತಿತ್ತು. ಆದರೆ ಚಹಾ ಒಲೆಯ ಮೇಲೆ ತಾನೇ ಕುದಿಯುವಾಗ ತಾಯಿ ಪಡಸಾಲೆಯಲ್ಲಿ ಕುಳಿತು ಬೀಗರೊಡನೆ ನಾಲ್ಕು ಮಾತಾಡಬಲ್ಲಳು. ಈ ಯಂತ್ರದ ಮುಂದೆ ಒಬ್ಬರು ನಿಂತೇ ಇರಬೇಕು. ಮಗ ಬೆಂಗಳೂರಿಗೆ ಹೋದ ಮೇಲೆ ನಿಲ್ಲುವವರು ಯಾರು?

ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡಬಹುದು. ಹಾಲಿಲ್ಲದ ಕಪ್ಪು ಕಾಫಿಯನ್ನೇ ಕುಡಿಯುವ ಮನೆಗೆ ಎರಡನೆಯ ಬಾಯ್ಲರು ವ್ಯರ್ಥ. ಒಂದು ಬಾಯ್ಲರಿನ ಒಳ್ಳೆಯ ಯಂತ್ರ ಸಾಕು. ವರ್ಷಕ್ಕೆರಡು ಸಾರಿ ಮಗ ಬಂದಾಗ ಮಾತ್ರ ಕಾಫಿಯಾಗುವ ಮನೆಗೆ ಯಾವ ಯಂತ್ರವೂ ಬೇಡ. ತಿಂಗಳುಗಟ್ಟಲೆ ನೀರು ನಿಂತ ಬಾಯ್ಲರು ಹಾಳಾಗುವುದು ಬಳಸಿದ ಬಾಯ್ಲರಿಗಿಂತ ಬೇಗ. ಅಂಥಲ್ಲಿ ಉಕ್ಕಿನ ಫಿಲ್ಟರು, ತಾಜಾ ಪುಡಿ, ಮನೆಯ ಎಮ್ಮೆಯ ಹಾಲು ಇಷ್ಟಿದ್ದರೆ ರುಚಿಗೆ ಕೊರತೆಯಿಲ್ಲ. ಗಾಢವಾದದ್ದೇ ಬೇಕೆಂದರೆ ೧೯೩೩ರಲ್ಲಿ ಇಟಲಿಯ ಬಿಯಾಲೆಟ್ಟಿ ರೂಪಿಸಿದ ಮೋಕಾ ಪಾತ್ರೆಯುಂಟು. ಒಲೆಯ ಮೇಲಿಟ್ಟರೆ ತಳದ ನೀರು ಆವಿಯ ಒತ್ತಡದಿಂದ ಪುಡಿಯ ಮೂಲಕ ಮೇಲೇರುತ್ತದೆ. ಅದಕ್ಕೆ ವಿದ್ಯುತ್ತು ಬೇಡ, ಸುಣ್ಣ ಕಟ್ಟಿದರೆ ಲಿಂಬೆಹಣ್ಣಿನಿಂದ ತಿಕ್ಕಿದರಾಯಿತು.

ಹಾಗಾದರೆ ಎರಡು ಬಾಯ್ಲರಿನ ಯಂತ್ರ ಯಾರಿಗೆ? ಬೆಳಗ್ಗೆ, ಸಂಜೆ ಮೂರು-ನಾಲ್ಕು ಮಂದಿ ಹಾಲಿನ ಕಾಫಿ ಕುಡಿಯುವ ಮನೆಗೆ. ಒಂದು ಕೈ ದಿನವೂ ಅದನ್ನು ನಡೆಸಿ ತೊಳೆಯುವ ಮನೆಗೆ. ಎಲ್ಲಕ್ಕೂ ಮೊದಲಾಗಿ, ನೀರನ್ನು ಅಳೆದು ಬೆರೆಸಿ ಹಾಕುವ ವ್ರತಕ್ಕೆ ಒಪ್ಪಿದ ಮನೆಗೆ. ಅಂಥ ಮನೆಗೆ ಇದು ನಿಶ್ಚಯವಾಗಿಯೂ ಹಣಕ್ಕೆ ತಕ್ಕ ವಸ್ತು, ಹತ್ತು-ಹದಿನೈದು ವರ್ಷ ಬಾಳಿಬರುವಂಥದು. ಸವಳು ನೀರನ್ನೇ ಹಾಕುವ ಮನೆಯಲ್ಲಿ ಅದು ಎರಡು ಬೇಸಗೆ ದಾಟುವುದೂ ಅನುಮಾನ.

ಕೊಳ್ಳುವವರು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆಗಳು ಬಣ್ಣ, ಹೊಳಪುಗಳ ಬಗ್ಗೆ ಅಲ್ಲ. ಆವಿಯ ಬಾಯ್ಲರನ್ನು ಪೂರ್ತಿ ಬರಿದು ಮಾಡಲು ದಾರಿಯಿದೆಯೇ? ಬಾಯ್ಲರು ಹಿತ್ತಾಳೆಯದೋ, ಉಕ್ಕಿನದೋ? ಹಿಡಿಕೆ ಕೂರುವ ಜಾಗದ ರಬ್ಬರಿನ ಬಳೆ ಸವೆದಾಗ ಹೊಸದು ಹುಬ್ಬಳ್ಳಿಯಲ್ಲಿ ಸಿಗುವುದೋ, ಬೆಂಗಳೂರಿನಿಂದಲೇ ಬರಬೇಕೋ? ಆವಿಯ ಬಾಯ್ಲರನ್ನು ಬೇಡವಾದಾಗ ಆರಿಸಿಡುವ ಗುಂಡಿ ಪ್ರತ್ಯೇಕವಾಗಿದೆಯೇ? ಈ ಕೊನೆಯದು ಇದ್ದರೆ ಒಬ್ಬರೇ ಇರುವ ದಿನಗಳಲ್ಲಿ ವಿದ್ಯುತ್ತೂ ಉಳಿಯುತ್ತದೆ, ಸುಣ್ಣ ಕಟ್ಟುವುದೂ ತಗ್ಗುತ್ತದೆ.

ಮನೆಗೆ ತಂದ ಮೇಲಿನ ಶುಶ್ರೂಷೆ ಕಷ್ಟದ್ದಲ್ಲ. ಹಾಲು ಮುಟ್ಟಿದ ನಳಿಗೆಯನ್ನು ಆ ಕ್ಷಣವೇ ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಆವಿ ಬಿಟ್ಟು ಒಳಗನ್ನು ತೊಳೆಯಬೇಕು. ಒಣಗಿದ ಎಮ್ಮೆಹಾಲು ಗೋಂದಿನಂತೆ ಕಚ್ಚುತ್ತದೆ. ವಾರಕ್ಕೊಮ್ಮೆ ಬಿಸಿನೀರಿನ ನಲ್ಲಿಯಿಂದ ಆವಿಯ ಬಾಯ್ಲರಿನ ನೀರನ್ನು ಒಂದೆರಡು ಲೋಟದಷ್ಟು ಹೊರಬಿಟ್ಟರೆ, ಕೂಡಿಬಿದ್ದ ಉಪ್ಪಿನಲ್ಲಿ ದೊಡ್ಡ ಪಾಲು ಅದರೊಡನೆ ಹೋಗಿ, ಹೊಸ ನೀರು ತುಂಬಿಕೊಳ್ಳುತ್ತದೆ. ಹೊರಬಿಟ್ಟ ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳ್ಳಗಿದೆಯೇ, ತಳದಲ್ಲಿ ಪುಡಿ ಕೂತಿದೆಯೇ ಎಂದು ನೋಡಬೇಕು. ಬೆಳ್ಳಗೆ ಕಂಡ ದಿನವೇ ಬೆರಕೆಯ ಅಳತೆಯನ್ನು ತಿದ್ದಿ, ಕೆರೆಯ ನೀರನ್ನು ಅರ್ಧಕ್ಕೆ ಇಳಿಸುವುದು ಕ್ಷೇಮ.